ಬಿಡುವಿರಲಿಲ್ಲ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ 8.05. ಸರ್ವರ್ ಏಳಲು ಇಪ್ಪತ್ತಾರು ನಿಮಿಷ ತೆಗೆದುಕೊಂಡಿತು. ಸಾಮಾನ್ಯವಾಗಿ ಎರಡು ನಿಮಿಷ. ನಿನ್ನೆ ಸಂಜೆ ಡಿಸ್ಕನ್ನು ಸರಿಯಾಗಿ ಕಳಚಿಟ್ಟಿಲ್ಲ, ಆದ್ದರಿಂದ ಈಗ ಪೂರ್ತಿ ತಪಾಸಣೆ ನಡೆಯುತ್ತಿದೆ ಎಂದು ಪರದೆಯ ಮೇಲೆ ಬಂತು.

ಮುಂದೆಂದಾದರೂ ಓದುವಾಗ ನನಗೇ ಮರೆತಿರಬಾರದೆಂದು ಹಿನ್ನೆಲೆ ಬರೆದಿಡುತ್ತೇನೆ. ಇದು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಕೇಂದ್ರ. ಧ್ವನಿಯೆಲ್ಲ ಇರುವುದು ಒಂದೇ ಲಿನಕ್ಸ್ ಸರ್ವರಿನಲ್ಲಿ. ಅದನ್ನು ನೋಡಿಕೊಳ್ಳುವವಳು ನಾನು. ಕಟ್ಟಡದ ಮಾಲೀಕರು ಸಂಜೆ ಆರಕ್ಕೆ ಮೇನ್ ಆಫ್ ಮಾಡುತ್ತಾರೆ, ಅಷ್ಟರೊಳಗೆ ಯಂತ್ರವನ್ನು ಮುಚ್ಚಬೇಕು. ಮುಚ್ಚುವ ಮೊದಲು ಅದು ತೆರೆದ ಕಡತಗಳನ್ನೆಲ್ಲ ಕೆಳಗಿಟ್ಟು ಡಿಸ್ಕಿನಿಂದ ಕೈ ತೆಗೆಯಬೇಕು. ಅನ್‌ಮೌಂಟ್ ಎನ್ನುವುದು ಇದಕ್ಕೇ. ಅದಕ್ಕೆ ಸಮಯ ಕೊಡದೆ ಸ್ವಿಚ್ ಆರಿಸಿದರೆ ಮರುದಿನ ಹೀಗೆ ಕಾಯಬೇಕು.

ನನ್ನ ಕೆಲಸ ನಾಲ್ಕೂವರೆಗೆ ಮುಗಿಯುತ್ತದೆ. ಮುಚ್ಚುವವರು ಧ್ವನಿಕೋಣೆ ನೋಡಿಕೊಳ್ಳುವ ಅವಸರಣ್ಣ. ಹೆಸರು ಇಟ್ಟವಳು ನಾನು, ಆರು ವರ್ಷದ ಹಿಂದೆ. ಸಂಜೆಯಾದರೆ ಬಸ್ಸಿಗೆ ಓಟ. ಬಾಗಿಲನ್ನು ಹೆಗಲ ಚೀಲ ಮೊದಲು ದಾಟುತ್ತದೆ, ಅವರು ಆಮೇಲೆ. ಹೆಸರು ಚೆನ್ನಾಗಿ ಕೂತಿದೆ. ಈಗ ಹಾಜರಿ ಪುಸ್ತಕ ಬಿಟ್ಟು ಇನ್ನೆಲ್ಲೂ ಅವರ ನಿಜ ಹೆಸರಿಲ್ಲ.

ಇನ್ನೊಂದು ವಿಷಯ: ವರ್ಷದಿಂದ ಮುಂದೂಡುತ್ತ ಬಂದಿದ್ದ ಲೈಬ್ರರಿ ಅಪ್‌ಡೇಟುಗಳನ್ನು ನಿನ್ನೆಯಿಂದ ಕಂತಿನಲ್ಲಿ ಶುರುಮಾಡಿದ್ದೇನೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಎಲ್ಲ ಪ್ರೋಗ್ರಾಮುಗಳೂ ಹಂಚಿಕೊಂಡು ಬಳಸುವ ಸಾಮಗ್ರಿಯ ಕಡತ. ಸೋಮವಾರ ಮತ್ತು ಬುಧವಾರ ಮೂರೂವರೆಗೆ ಮಾಡುವುದೆಂದು ಗೊತ್ತುಮಾಡಿಕೊಂಡೆ. ಆ ಎರಡು ದಿನ ಅವಸರಣ್ಣ ಐದೂ ಹತ್ತರ ಬಸ್ಸಿಗೇ ಹೋಗುವುದರಿಂದ ಮೂರರ ಮೇಲೆ ಧ್ವನಿಮುದ್ರಣ ಇರುವುದಿಲ್ಲ.

ಮಾರ್ಚ್ 6, ಗುರುವಾರ

8.03. ಮತ್ತೆ ಇಪ್ಪತ್ತೇಳು ನಿಮಿಷ. ನಿನ್ನೆ ಬೆಳಿಗ್ಗೆ ಏನೂ ತೊಂದರೆ ಇರಲಿಲ್ಲ.

ಧ್ವನಿಕೋಣೆಗೆ ಹೋದೆ. ಅವಸರಣ್ಣ ಮೈಕಿನ ಕೇಬಲ್ ಸುತ್ತುತ್ತಿದ್ದರು.

"ನಿನ್ನೆ ಸರ್ವರ್ ಸರಿಯಾಗಿ ಯಾಕೆ ಮುಚ್ಚಲಿಲ್ಲ?"

"ನಾನೇನು ಮಾಡ್ಲಮ್ಮ? ಬ್ಯುಸಿ."

"ಎರಡು ನಿಮಿಷ ನಿಲ್ಲೋಕೂ ಆಗಲ್ವಾ?"

"ಎಷ್ಟು ನಿಂತ್ರೂ ಅಷ್ಟೇ ಅಮ್ಮ. ಬ್ಯುಸಿ, ಬ್ಯುಸಿ, ಬ್ಯುಸಿ!" ಎಂದು ನಕ್ಕರು.

ಮೂರು ಬಾರಿ. ನನಗೆ ಅದು ಅಣಕದಂತೆ ಕೇಳಿಸಿತು. ಮಾತು ಬೆಳೆಸಲಿಲ್ಲ.

ಮನೆಯಲ್ಲಿ ಇವರಿಗೆ ಹೇಳಿದೆ. ಇವರು ಲಿಫ್ಟ್ ಮೆಕ್ಯಾನಿಕ್. ಜಗತ್ತಿನ ಯಾವ ಸಂಗತಿ ಎತ್ತಿದರೂ ಲಿಫ್ಟಿನಲ್ಲೇ ಹತ್ತಿಸಿ ಇಳಿಸುತ್ತಾರೆ.

"ಲಿಫ್ಟ್ ಕೆಟ್ರೆ, ಕೊನೇಲಿ ಹತ್ತಿದೋರು ಯಾರು ಅಂತ ನಾವು ಕೇಳೋದಿಲ್ಲ ಕಣೇ. ಕೊನೇಲಿ ರಿಪೇರಿ ಮಾಡಿದೋನು ಯಾರು ಅಂತ ಕೇಳ್ತೀವಿ."

"ಇದು ಲಿಫ್ಟ್ ಅಲ್ಲ ರೀ."

"ಹತ್ತತ್ತೆ, ಇಳಿಯತ್ತೆ, ಮಧ್ಯ ನಿಲ್ಲತ್ತೆ. ಇನ್ನೇನು ಬೇಕು ಲಿಫ್ಟಾಗೋಕೆ?"

ಊಟದ ಮೊದಲು ಕಾದಂಬರಿ, ಹನ್ನೆರಡು ಪುಟ. ಒಂದು ದ್ವೀಪದ ಅಂಚೆಯವಳ ಕಥೆ, ಅನುವಾದ ಸುಮಾರು. ಒಂದು ಕಡೆ 'ಅವನು ತನ್ನ ಕಾಲುಗಳನ್ನು ಎಳೆದಾಡಿದನು' ಎಂದಿದೆ. 'ಮೀನಮೇಷ ಎಣಿಸಿದನು' ಎಂದಿರಬೇಕಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದಿದೆ. ಯಾರು ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳದವರು ಅನುವಾದಕ್ಕೆ ಕೈ ಹಾಕಬಾರದು.

ಮಾರ್ಚ್ 11, ಮಂಗಳವಾರ

8.00. ಇಪ್ಪತ್ತಾರು ನಿಮಿಷ.

ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಕೆಟ್ಟದ್ದು ಮೂರು ಬೆಳಿಗ್ಗೆ: ಮಂಗಳವಾರ, ಗುರುವಾರ, ಮಂಗಳವಾರ. ಅಂದರೆ ತಪ್ಪಾಗಿ ಮುಚ್ಚಿದ್ದು ಸೋಮವಾರ, ಬುಧವಾರ, ಸೋಮವಾರ. ಅವು ಅವಸರಣ್ಣ ಬೇಗ ಹೋಗುವ ದಿನಗಳೇ. ಬೇರೆ ದಿನ ಒಂದು ಸಲವೂ ಇಲ್ಲ. ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಕಡತ ತೆರೆದೆ. ಮುಚ್ಚುವ ಆಜ್ಞೆ ಬಂದಿದೆ, ಕೆಲವು ಸೆಕೆಂಡು ಬಿಟ್ಟು ಏನೂ ಇಲ್ಲ, ಖಾಲಿ. ಮೆನು ಒತ್ತಿ, ಮುಗಿಯುವ ಮೊದಲೇ ಸ್ವಿಚ್ ಆರಿಸಿ ಓಡಿದ್ದಾರೆ.

ಪ್ರಯೋಗ ಮಾಡದೆ ತೀರ್ಮಾನ ಮಾಡುವುದು ನನಗೆ ಸೇರುವುದಿಲ್ಲ. ಇವತ್ತು ಐದೂವರೆಯವರೆಗೆ ಉಳಿದು ನಾನೇ ಮುಚ್ಚಿದೆ. ನಲವತ್ತು ಸೆಕೆಂಡಿನಲ್ಲಿ ಮುಚ್ಚಿಕೊಂಡಿತು.

ಮಾರ್ಚ್ 13, ಗುರುವಾರ

ನಿನ್ನೆ ಬೆಳಿಗ್ಗೆ ಸರಿಯಿತ್ತು, ನನ್ನ ಪ್ರಯೋಗದ ಮರುದಿನ. ನಿನ್ನೆ ಸಂಜೆ ಮುಚ್ಚಿದವರು ಅವಸರಣ್ಣ. ಇವತ್ತು 8.04ಕ್ಕೆ ಶುರುವಾದ ತಪಾಸಣೆ ಮುಗಿದಾಗ ಎರಡು ಅಧ್ಯಾಯ ಇರಲಿಲ್ಲ. ಹೆಸರಿಲ್ಲದ ತುಣುಕುಗಳಾಗಿ ಒಂದು ಮೂಲೆಯಲ್ಲಿ ಬಿದ್ದಿದ್ದವು. ಕೇಳಿದರೆ ಬರೀ ಗರಗರ. ಪ್ರತಿ ತೆಗೆದಿಡುವುದು ಶುಕ್ರವಾರ, ಆದ್ದರಿಂದ ಈ ವಾರದ್ದು ಹೋದ ಹಾಗೆಯೇ.

ಓದಿದವರು ಪ್ಲಾಟ್‌ಫಾರಂ ತಾತ. ರೈಲು ನಿಲ್ದಾಣದಲ್ಲಿ ಮೂವತ್ತು ವರ್ಷ ಘೋಷಣೆ ಮಾಡಿ ನಿವೃತ್ತರಾದವರು. ಮೊದಲ ಪುಸ್ತಕ ಓದುವಾಗ ನಾಯಕಿ ಸತ್ತದ್ದನ್ನೂ ಗಾಡಿ ತಡವಾದ ಹಾಗೇ ಹೇಳಿದ್ದರು; ಈಗ ಅವರಷ್ಟು ಚೆನ್ನಾಗಿ ಓದುವವರು ನಮ್ಮಲ್ಲಿ ಇಲ್ಲ. ಸುದ್ದಿ ತಿಳಿದು ಹೇಳಿದರು:

"ಮತ್ತೆ ಓದ್ತೀನಿ, ಅದಕ್ಕೇನು. ಆದ್ರೆ ಎರಡನೇ ಸಲ ಮುಂದೇನಾಗತ್ತೆ ಅಂತ ನನ್ನ ದನಿಗೆ ಗೊತ್ತಿರತ್ತೆ. ಕೇಳೋರು ಅದನ್ನ ಹಿಡೀತಾರೆ."

ನಿರ್ದೇಶಕಿ ಮೇಡಂ ನನ್ನನ್ನು ಕರೆದು, ಲಿಖಿತ ವರದಿ ಕೊಡಿ ಎಂದರು.

ಮಾರ್ಚ್ 14, ಶುಕ್ರವಾರ

ವರದಿ ಕೊಟ್ಟೆ. ಒಂದು ಪುಟ, ದಿನಾಂಕಗಳ ಪಟ್ಟಿ, ಪ್ರಯೋಗದ ವಿವರ. ಕೊನೆಯ ಸಾಲು: 'ವಿಚಾರಿಸಿದಾಗ, ಬಿಡುವಿರಲಿಲ್ಲ ಎಂದು ಅವರೇ ಮೂರು ಬಾರಿ ಹೇಳಿದರು.' ವರದಿಯಲ್ಲಿ 'ಬ್ಯುಸಿ' ಎಂದು ಬರೆಯುವುದು ಸರಿಕಾಣಲಿಲ್ಲ.

ಮಧ್ಯಾಹ್ನ ಅವಸರಣ್ಣನನ್ನು ಮೇಡಂ ಕೋಣೆಗೆ ಕರೆಸಿದರು. ಗಾಜಿನ ಆಚೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಮೇಡಂ ಓದುತ್ತಿದ್ದರು. ಕೊನೆಗೆ ಅವಸರಣ್ಣ ಕೈ ಎತ್ತಿ ಏನೋ ಹೇಳಲು ಹೋದರು, ಮೇಡಂ ಅಡ್ಡ ಬಂದರು, ಎತ್ತಿದ ಕೈ ಅರ್ಧದಲ್ಲೇ ನಿಂತು ಇಳಿಯಿತು.

ಹೊರಬಂದ ಮೇಲೆ ಮೇಡಂ ನನಗೆ ಹೇಳಿದರು: "ಕೆಲ್ಸದಿಂದ ತೆಗೀಲಿಲ್ಲ, ವಯಸ್ಸಾದೋರು. ಸೋಮವಾರದಿಂದ ಗೋದಾಮಿಗೆ ಹಾಕಿದ್ದೀನಿ. ಅಲ್ಲಿ ಮುಚ್ಚೋದಕ್ಕೆ ಇರೋದು ಷಟರ್ ಒಂದೇ."

ಧ್ವನಿಪುಸ್ತಕಗಳನ್ನು ಡಬ್ಬಿಗೆ ತುಂಬಿ ಕಳಿಸುವ ಆ ಗೋದಾಮು ಊರಿನ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು.

ಮಾರ್ಚ್ 21, ಶುಕ್ರವಾರ

ವಾರವಿಡೀ ಎರಡೇ ನಿಮಿಷದಲ್ಲಿ ಎದ್ದಿದೆ. ತಾತ ಕಳೆದುಹೋದ ಅಧ್ಯಾಯಗಳನ್ನು ಮತ್ತೆ ಓದುತ್ತಿರುವುದರಿಂದ ಸೋಮವಾರ, ಬುಧವಾರವೂ ಸಂಜೆಯವರೆಗೆ ಧ್ವನಿಮುದ್ರಣ ನಡೆಯಿತು; ಅಪ್‌ಡೇಟ್ ಬದಿಗಿಟ್ಟೆ. ಈಗ ನನ್ನ ಕೆಲಸದ ವೇಳೆ ಒಂಬತ್ತೂವರೆಯಿಂದ ಆರು. ದಿನವೂ ಮುಚ್ಚುವವಳು ನಾನೇ.

ಧ್ವನಿಕೋಣೆಯಲ್ಲಿ ಕೇಬಲ್‌ಗಳನ್ನು ಸುತ್ತಿಡುವವರಿಲ್ಲ. ನಾನು ಸುತ್ತಿದರೆ ಗಂಟಾಗುತ್ತವೆ. ಅವಸರಣ್ಣ ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕುತ್ತಿದ್ದರು ಅನಿಸುತ್ತದೆ. ಗಮನಿಸಿರಲಿಲ್ಲ.

ಮಾರ್ಚ್ 24, ಸೋಮವಾರ

ಮೂರೂವರೆಗೆ ಅಪ್‌ಡೇಟ್ ಮುಂದುವರಿಸಿದೆ. ಐದೂ ಇಪ್ಪತ್ತಕ್ಕೆ ಮೆನು ಒತ್ತಿ ಮುಂದೆ ನಿಂತೆ.

ಪರದೆಯ ಮೇಲೆ: ಡಿಸ್ಕ್ ಬ್ಯುಸಿ. ಐದು ಸೆಕೆಂಡು. ಡಿಸ್ಕ್ ಬ್ಯುಸಿ. ಐದು ಸೆಕೆಂಡು. ಡಿಸ್ಕ್ ಬ್ಯುಸಿ.

ಆಮೇಲೆ ತಾನಾಗಿ ಆರಿತು.

ಮಾರ್ಚ್ 25, ಮಂಗಳವಾರ

ಇಪ್ಪತ್ತಾರು ನಿಮಿಷ ಕುರ್ಚಿಯಲ್ಲಿ ಕುಳಿತೇ ಇದ್ದೆ. ಆಮೇಲೆ ಕಾರಣ ಹುಡುಕಿದೆ. ಮಧ್ಯಾಹ್ನದೊಳಗೆ ಸಿಕ್ಕಿತು. ಮೂರು ವಾರದ ಹಿಂದೆ ಹುಡುಕಿದ್ದರೂ ಮಧ್ಯಾಹ್ನದೊಳಗೇ ಸಿಗುತ್ತಿತ್ತು.

ಅಪ್‌ಡೇಟ್ ಆದಾಗ ಹಳೆಯ ಲೈಬ್ರರಿಯ ಹೆಸರನ್ನು ಅಳಿಸಿ ಹೊಸದನ್ನು ಇಡುತ್ತಾರೆ. ಆದರೆ ಬೆಳಿಗ್ಗೆಯಿಂದ ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಹೆಸರು ಹೋಗಿದ್ದರೂ, ಹಿಡಿದವರು ಬಿಡುವವರೆಗೆ ಕಡತ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಮುಚ್ಚುವಾಗ ಉಳಿದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಬಹುದು. ಯಂತ್ರ ಎದ್ದಾಗ ಮೊಟ್ಟಮೊದಲು ಶುರುವಾಗುವ ಪ್ರೋಗ್ರಾಮನ್ನು ಮಾತ್ರ ಆಗುವುದಿಲ್ಲ, ಉಳಿದವನ್ನು ನಿಲ್ಲಿಸುವುದೇ ಅದು. ಅದರ ಕೈಯಲ್ಲಿ ಹಳೆಯ ಕಡತ ಇರುವಷ್ಟು ಹೊತ್ತು ಡಿಸ್ಕ್ ಬ್ಯುಸಿ. ಮೂರು ಸಲ ಪ್ರಯತ್ನಿಸಿ ಯಂತ್ರ ಕೈಚೆಲ್ಲುತ್ತದೆ.

ಅಪ್‌ಡೇಟ್ ಮುಗಿದ ಕೂಡಲೇ ಆ ಮೊದಲ ಪ್ರೋಗ್ರಾಂ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುವಂತೆ ಮಾಡುವ ಒಂದು ಹಂತ ಇದೆ. ಧ್ವನಿಮುದ್ರಣದ ನಡುವೆ ಅಡ್ಡಿಯಾಗದಿರಲಿ ಎಂದು ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದ್ದವಳು ನಾನು.

ಇನ್ನು ಲಾಗ್. ಡಿಸ್ಕಿನಿಂದ ಕೈ ತೆಗೆಯುವ ಹೊತ್ತಿಗೆ ಲಾಗ್ ಬರೆಯುವುದು ನಿಂತಿರುತ್ತದೆ. ಆ ಕೊನೆಯ ಮಾತು ಎಲ್ಲೂ ದಾಖಲಾಗುವುದಿಲ್ಲ. ಎದುರು ನಿಂತವರಿಗೆ ಮಾತ್ರ ಕಾಣುತ್ತದೆ. ಅವರು ಎದುರು ನಿಂತಿದ್ದರು. ನೋಡಿದ್ದನ್ನು ನನಗೆ ಹೇಳಿದರು.

'ನಾನೇನು ಮಾಡ್ಲಮ್ಮ? ಬ್ಯುಸಿ.' ಆ ವಾಕ್ಯದಲ್ಲಿ ಕರ್ತೃ ಇರಲಿಲ್ಲ. ನಮ್ಮ ಮಾತಿನಲ್ಲಿ ಇರಬೇಕಾಗಿಯೂ ಇಲ್ಲ. ಕರ್ತೃವನ್ನು ಸೇರಿಸಿದವಳು ನಾನು. ಯಾರು ಬ್ಯುಸಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ನನ್ನ ಪ್ರಯೋಗವೂ ಮಂಗಳವಾರ, ಅಪ್‌ಡೇಟ್ ಇಲ್ಲದ ದಿನ. ಅವರು ಬೇಗ ಹೋಗುವ ದಿನಗಳೆಂದೇ ನಾನು ಸೋಮವಾರ, ಬುಧವಾರ ಆರಿಸಿಕೊಂಡಿದ್ದೆ. ಆಮೇಲೆ ಅವೇ ದಿನಗಳನ್ನು ಅವರ ಮೇಲೆ ಸಾಕ್ಷಿ ಮಾಡಿದೆ.

ಮಾರ್ಚ್ 26, ಬುಧವಾರ

ನಿಲ್ಲಿಸಿದ್ದ ಹಂತವನ್ನು ಮತ್ತೆ ಸೇರಿಸಿದೆ. ಅಪ್‌ಡೇಟ್ ಮಾಡಿದೆ. ಮುಚ್ಚಿದೆ. ನಲವತ್ತು ಸೆಕೆಂಡು.

ಯಾರಿಗೂ ಹೇಳಲಿಲ್ಲ. ಸರಿಹೋಗಿದೆಯೆಂದು ಒಂದು ವಾರ ಖಚಿತಪಡಿಸಿಕೊಂಡು ಹೇಳುವುದು ಉತ್ತಮ.

ಏಪ್ರಿಲ್ 3, ಗುರುವಾರ

ಒಂದು ವಾರ ಕಳೆಯಿತು. ಖಚಿತವಾಗಿದೆ.

ಮೇಡಂ ನನ್ನ ಮೇಜಿನ ಬಳಿ ನಿಂತರು. "ನೋಡಿ, ಅವರು ಹೋದ್ಮೇಲೆ ಯಂತ್ರ ಹೆಂಗೆ ಹೇಳಿದ ಹಾಗೆ ಕೇಳ್ತಿದೆ! ನೀವು ಹಿಡಿದಿದ್ದು ಒಳ್ಳೇದಾಯ್ತು." ನಾನು "ಹೂಂ" ಎಂದೆ. ಒಂದೇ ಅಕ್ಷರ. ಅದೂ ಸುಳ್ಳು.

ತಾತ ಓದು ಮುಗಿಸಿ ಕನ್ನಡಕ ಒರೆಸುತ್ತಿದ್ದರು. ಅವಸರಣ್ಣ ಆ ಎರಡು ದಿನ ಎಲ್ಲಿಗೆ ಹೋಗುತ್ತಿದ್ದರೆಂದು ನಿಮಗೆ ಗೊತ್ತೇ ಎಂದು ಕೇಳಿದೆ.

"ಹೆಂಡತೀನ ಮಾತು ಕಲಿಸೋ ತರಗತಿಗೆ ಕರ್ಕೊಂಡು ಹೋಗ್ತಿದ್ರು. ಐದೂ ನಲವತ್ತಕ್ಕೆ. ಪಾರ್ಶ್ವವಾಯು ಹೊಡೆದು ಮಾತು ಹೋಯ್ತಲ್ಲ ಆಕೆಗೆ, ಆರು ವರ್ಷ ಆಯ್ತು. ಮನೇಲಿ ಒಬ್ರೇ ಇರ್ತಾರೆ ಅಂತ ದಿನಾ ಓಡೋರು. ಗೋಡೆ ಆಚೆ ಈಚೆ ಕೂತಿದ್ರಿ, ನಿಮಗೆ ಗೊತ್ತಿಲ್ವೇ?"

ಆರು ವರ್ಷ.

ಏಪ್ರಿಲ್ 9, ಬುಧವಾರ

ಗೋದಾಮಿನಲ್ಲಿ ವಿಳಾಸದ ಚೀಟಿ ಅಚ್ಚುಮಾಡುವ ಪ್ರಿಂಟರ್ ಕೆಟ್ಟಿದೆ ಎಂದು ನನ್ನನ್ನು ಕಳಿಸಿದರು. ತಗಡಿನ ಮಾಡು, ಕಿಟಕಿ ಇಲ್ಲ, ಟ್ಯೂಬ್‌ಲೈಟಿನ ಕೆಳಗೆ ಉದ್ದ ಮೇಜು. ಅವಸರಣ್ಣ ಡಬ್ಬಿಗಳಿಗೆ ಟೇಪು ಹಚ್ಚುತ್ತಿದ್ದರು. ಹಲ್ಲಿನಿಂದ ಕತ್ತರಿಸುತ್ತಿದ್ದರು.

"ಬನ್ನಿ ಅಮ್ಮ. ಏನು, ಯಂತ್ರಕ್ಕೆ ಈಗ ಬಿಡುವು ಸಿಕ್ತಾ?"

ನಾನು ಪ್ರಿಂಟರಿನ ಮುಚ್ಚಳ ತೆರೆದೆ.

"ಬೈತಿಲ್ಲಮ್ಮ, ತಮಾಷೆಗೆ ಅಂದೆ. ಮೇಡಂ ಆ ಕಾಗದ ಓದಿದಾಗ್ಲೇ ಗೊತ್ತಾಯ್ತು, ನೀವು ಹೆಂಗೆ ತಿಳ್ಕೊಂಡ್ರಿ ಅಂತ. ಹೇಳೋಕೆ ಹೋದೆ. 'ಅವರು ಅಲ್ಪವಿರಾಮಕ್ಕೂ ಎದ್ದು ನಿಲ್ಲೋರು, ತಪ್ಪು ಬರೆಯಲ್ಲ' ಅಂದ್ರು. ಮನೆಗೆ ಹೋಗ್ತಾ ಬಸ್ಸಲ್ಲಿ ನಂಗೂ ಅನುಮಾನ ಬಂತು ನೋಡಿ, ನಾನೇ ಹಾಗಂದೆನೋ ಏನೋ ಅಂತ."

ರೋಲರಿನಲ್ಲಿ ಒಂದು ಚೀಟಿ ಸುತ್ತಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದೆ.

"ಮನೇಲಿ ಹೇಗಿದ್ದಾರೆ?" ಎಂದು ಕೇಳಿದೆ. ಆರು ವರ್ಷದಲ್ಲಿ ಮೊದಲ ಸಲ.

"ಹದಿನೇಳು ಪದ ಬಂದಿತ್ತು. ನೀರು, ಬಾಗಿಲು, ಸಾಕು, ಹೀಗೆ. 'ಸಾಕು' ಮಾತ್ರ ಬಹಳ ಚೆನ್ನಾಗಿ ಅಂತಾಳೆ, ನನಗೇ!" ನಕ್ಕರು. "ಇಲ್ಲಿ ಲಾರಿ ಬರೋದು ಆರಕ್ಕೆ, ಬಿಟ್ಟು ಹೋಗೋ ಹಾಗಿಲ್ಲ. ನಾಲ್ಕು ವಾರ ಆಯ್ತು ತರಗತಿಗೆ ಹೋಗದೆ. ಮನೆಯವರೇ ಜೊತೇಲಿ ಕೂತು ಮಾತಾಡಿಸ್ಬೇಕು, ಪಕ್ಕದ ಮನೆಯೋರು ಆಗಲ್ವಂತೆ. ಬರೋ ಸೋಮವಾರಾನೂ ತಪ್ಪಿದ್ರೆ ಹೆಸರು ತೆಗೆದು ಬೇರೆಯೋರಿಗೆ ಕೊಡ್ತಾರಂತೆ."

"ರಜೆ ಕೇಳಬಹುದಲ್ಲ?"

"ಮಾಡಿದ ತಪ್ಪಿಗೆ ಇಲ್ಲಿಗೆ ಹಾಕಿರೋನು, ಇನ್ನೇನು ಅಂತ ಕೇಳ್ಲಿ ಅಮ್ಮ?"

ಆಗ ಹೇಳಬೇಕಿತ್ತು. ಎದುರಿಗೆ ಇದ್ದರು, ಬೇರೆ ಯಾರೂ ಇರಲಿಲ್ಲ. "ಪ್ರಿಂಟರ್ ಸರಿಯಾಯ್ತು ಅಣ್ಣ" ಎಂದೆ. ಬಸ್ಸು ಹತ್ತಿದೆ.

ಏಪ್ರಿಲ್ 10, ಗುರುವಾರ

ಹೇಳಲಿಲ್ಲ. ಮೇಡಂ ಇಡೀ ದಿನ ಇದ್ದರು.

ಏಪ್ರಿಲ್ 11, ಶುಕ್ರವಾರ

ಹೇಳಲಿಲ್ಲ.

ಏಪ್ರಿಲ್ 12, ಶನಿವಾರ

ಇವರು ಅಡುಗೆಮನೆಯ ನಲ್ಲಿ ಬಿಚ್ಚಿಕೊಂಡು ಕುಳಿತಿದ್ದಾಗ ಎಲ್ಲ ಹೇಳಿದೆ. ಲೈಬ್ರರಿ, ಬ್ಯುಸಿ, ವರದಿ, ಹದಿನೇಳು ಪದ. ಕೈಯಲ್ಲಿ ವಾಷರ್ ಹಿಡಿದು ಕೊನೆಯವರೆಗೂ ಕೇಳಿದರು.

"ಯಾವತ್ತಿಂದ ಗೊತ್ತು ನಿಂಗೆ?"

"ಹದಿನೆಂಟು ದಿನ."

ಅವರು ತಲೆ ತಗ್ಗಿಸಿ ವಾಷರ್ ಕೂರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

"ಕೆಲ್ಸ ಹೋಗತ್ತೆ ಅಂತ ಹೆದರಿಕೆನಾ?"

"ಅಲ್ಲ ರೀ. ಇವಳು ತಪ್ಪು ಬರೆಯಲ್ಲ ಅಂತಾರಲ್ಲ. ಅದು ಹೋಗತ್ತೆ ಅಂತ."

"ಅದು ಹೋಗಿ ಆಯ್ತಲ್ಲೇ. ನಿಂಗೊಬ್ಳಿಗೆ ಗೊತ್ತು, ಅಷ್ಟೇ." ನಲ್ಲಿ ತಿರುಗಿಸಿದರು, ಸೋರಲಿಲ್ಲ. "ನಮ್ಮಲ್ಲಿ ಒಂದು ಪದ್ಧತಿ ಇದೆ. ರಿಪೇರಿ ಆದ್ಮೇಲೆ ಮೊದಲನೇ ಸಲ ಲಿಫ್ಟ್ ಹತ್ತಬೇಕಾದೋನು ರಿಪೇರಿ ಮಾಡಿದೋನೇ. ಬೇರೆಯೋರನ್ನ ಹತ್ತಿಸೋ ಹಾಗಿಲ್ಲ."

"ಭಯ ಆಗಲ್ವಾ?"

"ಆಗತ್ತೆ. ಹತ್ತುತ್ತೀವಿ."

ಏಪ್ರಿಲ್ 13, ಭಾನುವಾರ

ಬೆಳಗಿನಿಂದ ತಿದ್ದುಪಡಿ ಬರೆಯುತ್ತಿದ್ದೇನೆ. ಮೊದಲ ಪ್ರತಿಯಲ್ಲಿ ಲೈಬ್ರರಿಗಳ ಬಗ್ಗೆ ಹನ್ನೊಂದು ಸಾಲು. ಓದಿದವರಿಗೆ ಯಾರದೂ ತಪ್ಪಿಲ್ಲವೆಂದು ತೋರಬೇಕು, ಹಾಗಿತ್ತು. ಹರಿದೆ. ಎರಡನೆಯದರಲ್ಲಿ 'ವರದಿಯಲ್ಲಿ ತಪ್ಪು ನುಸುಳಿದೆ' ಎಂದು ಬರೆದಿದ್ದೆ. ತಪ್ಪು ತಾನಾಗಿ ನುಸುಳುವುದಿಲ್ಲ. ಅದನ್ನೂ ಹರಿದೆ.

ಮೂರನೆಯದು ಹೀಗಿದೆ:

'ಸರ್ವರ್ ಸರಿಯಾಗಿ ಮುಚ್ಚಿಕೊಳ್ಳದಿದ್ದುದಕ್ಕೆ ಕಾರಣ ನಾನು ಮಾಡಿದ ಅಪ್‌ಡೇಟ್. ಎರಡು ಅಧ್ಯಾಯ ಹೋದದ್ದು ನನ್ನಿಂದ. ಬಿಡುವಿರಲಿಲ್ಲ ಎಂದು ಧ್ವನಿಕೋಣೆಯವರು ಹೇಳಲಿಲ್ಲ. ಡಿಸ್ಕ್ ಬ್ಯುಸಿ ಎಂದು ಪರದೆಯಲ್ಲಿ ಬಂದದ್ದನ್ನು ಹೇಳಿದರು. ನಾನು ತಪ್ಪಾಗಿ ತಿಳಿದು, ತಪ್ಪಾಗಿ ಬರೆದೆ. ಇದು ಮಾರ್ಚ್ 25ರಂದೇ ನನಗೆ ಗೊತ್ತಾಗಿತ್ತು.'

ಕೊನೆಯ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಎರಡು ಸಲ ಮತ್ತೆ ಬರೆದೆ. ಇರಲಿ.

ಕಾದಂಬರಿ ಮೇಜಿನ ಮೇಲೇ ಇದೆ. ಮೂರು ವಾರದಿಂದ ತೆರೆದಿಲ್ಲ.

ಗೋದಾಮಿನ ಷಟರ್ ಎತ್ತುವುದು ಎಂಟಕ್ಕೆ. ಮೊದಲು ಅಲ್ಲಿಗೆ ಹೋಗುತ್ತೇನೆ. ಅಣ್ಣನಿಗೆ ಈ ಕಾಗದ ಕೊಡುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಏನಂದರೂ ಕೇಳಿಸಿಕೊಳ್ಳುತ್ತೇನೆ, ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳುತ್ತೇನೆ. ಅಲ್ಲಿಂದ ಮೇಡಂ ಹತ್ತಿರ. ಅವರು ಬರುವುದು ಹತ್ತಕ್ಕೆ. ಹತ್ತೂಕಾಲಿಗೆ ಹೇಳಿ ಮುಗಿದರೂ, ಲಾರಿಗೆ ಬೇರೆಯವರನ್ನು ಕಳಿಸಲು ಸಮಯ ಇರುತ್ತದೆ. ಬೇರೆ ಯಾರೂ ಸಿಗದಿದ್ದರೆ ನಾನೇ ಹೋಗಿ ಡಬ್ಬಿ ಹತ್ತಿಸುತ್ತೇನೆ.

ನಾಳೆ ಸೋಮವಾರ. ಐದೂ ನಲವತ್ತಕ್ಕೆ ಅವರು ತರಗತಿಯಲ್ಲಿರಬೇಕು.